ಕುಪ್ವಾರ್‌ನಿಂದ ಪಾಠ ಶುರುವಾಗಲಿ: ಅಧ್ಯಯನ ಮಂಡಳಿಗಳ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕರ್ನಾಟಕದ ವಿಶ್ವವಿದ್ಯಾಲಯಗಳ ಸಂವಹನ, ಭಾಷಾವಿಜ್ಞಾನ, ಇಂಗ್ಲಿಷ್, ವ್ಯವಹಾರಾಡಳಿತ ವಿಭಾಗಗಳ ಅಧ್ಯಯನ ಮಂಡಳಿಗಳಲ್ಲಿ ಕೂತು ಸ್ನಾತಕೋತ್ತರ ಪಠ್ಯಕ್ರಮ ರೂಪಿಸುವ ನಿಮ್ಮೆಲ್ಲರಿಗೆ ಈ ಪತ್ರ. ಅಂತರಸಾಂಸ್ಕೃತಿಕ ಸಂವಹನ ಎಂಬ ವಿಷಯ ಇವತ್ತು ಒಂದಲ್ಲ ಒಂದು ಹೆಸರಿನಲ್ಲಿ ಈ ಎಲ್ಲ ವಿಭಾಗಗಳೊಳಗೂ ಕಾಲಿಟ್ಟಿದೆ. ಎಲ್ಲೋ ಪೂರ್ತಿ ಪತ್ರಿಕೆಯಾಗಿ, ಎಲ್ಲೋ ಐಚ್ಛಿಕವಾಗಿ, ಬಹಳ ಕಡೆ ಸಂವಹನ ಕೌಶಲದ ಪತ್ರಿಕೆಯ ಕೊನೆಯ ಘಟಕವಾಗಿ. ಬಂದದ್ದು ಒಳ್ಳೆಯದೇ. ನನ್ನ ತಕರಾರು ಅದನ್ನು ಯಾವ ತುದಿಯಿಂದ ಕಲಿಸುತ್ತೇವೆ ಎಂಬುದರ ಬಗ್ಗೆ. ಈಗ ಪಾಠ ಆರಂಭವಾಗುವುದು ದೇಶಗಳ ಅಂಕಪಟ್ಟಿಯಿಂದ: ಭಾರತಕ್ಕೆ ಇಷ್ಟು, ಜಪಾನಿಗೆ ಇಷ್ಟು, ಅಮೆರಿಕಕ್ಕೆ ಇಷ್ಟು. ಅದು ಆರಂಭವಾಗಬೇಕಾದದ್ದು ಇಬ್ಬರು ಮನುಷ್ಯರು ನಿಜಕ್ಕೂ ಆಡಿದ, ಮುದ್ರಿಸಿಕೊಂಡು ಮತ್ತೆ ಮತ್ತೆ ಕೇಳಬಹುದಾದ ಮಾತಿನಿಂದ ಎಂಬುದು ನನ್ನ ವಾದ. ಪತ್ರಿಕೆಯ ಅರ್ಧದಷ್ಟು ಅಂಕವಾದರೂ ಅಂಥ ಮಾತನ್ನು ಸಂಗ್ರಹಿಸಿ, ಬರಹಕ್ಕಿಳಿಸಿ, ವಿಶ್ಲೇಷಿಸುವ ಕೆಲಸಕ್ಕೆ ಮೀಸಲಾಗಬೇಕು. ಈ ಮಾತಿಗೆ ಏಳುವ ಆಕ್ಷೇಪಗಳು ನನಗೆ ಗೊತ್ತಿವೆ, ಕೆಲವು ಗಟ್ಟಿಯಾಗಿಯೂ ಇವೆ.

ಮೊದಲು, ಅಂಕಪಟ್ಟಿ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ರಾಜತಂತ್ರಜ್ಞರು, ನೆರವು ಯೋಜನೆಗಳ ತಂತ್ರಜ್ಞರು ಗುರುತು ಪರಿಚಯವಿಲ್ಲದ ದೇಶಗಳಿಗೆ ದಂಡುಗಟ್ಟಿ ಹೊರಟರು. ಅವರನ್ನು ಕೆಲವೇ ವಾರಗಳಲ್ಲಿ ಸಜ್ಜುಗೊಳಿಸಬೇಕಿತ್ತು. ವಾಷಿಂಗ್ಟನ್ನಿನ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ 1950ರ ದಶಕದ ಮೊದಲ ವರ್ಷಗಳಲ್ಲಿ ಆ ಕೆಲಸಕ್ಕೆ ನಿಂತವನು ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞ. 1959ರಲ್ಲಿ ಬಂದ ಅವನ ‘ದಿ ಸೈಲೆಂಟ್ ಲ್ಯಾಂಗ್ವೇಜ್’ ಈ ಶಾಸ್ತ್ರದ ಮೊದಲ ಪುಸ್ತಕವೆಂದು ಹೆಸರಾಗಿದೆ. ಹಾಲ್ ಸೂಕ್ಷ್ಮ ಕಣ್ಣಿನವನು. ಜನ ಎಷ್ಟು ದೂರ ನಿಂತು ಮಾತಾಡುತ್ತಾರೆ, ಎಷ್ಟು ಹೊತ್ತು ಕಾಯಿಸಿದರೆ ಅವಮಾನವಾಗುತ್ತದೆ ಎಂಬುದನ್ನೆಲ್ಲ ಆತ ಹತ್ತಿರದಿಂದ ಗಮನಿಸಿದ. ಆದರೆ ಅವನ ಎದುರು ಕೂತವರಿಗೆ ಮಾನವಶಾಸ್ತ್ರ ಬೇಕಿರಲಿಲ್ಲ. ಮುಂದಿನ ತಿಂಗಳು ಹೋಗಬೇಕಾದ ದೇಶದಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದಷ್ಟೇ ಬೇಕಿತ್ತು. ಶಾಸ್ತ್ರ ಹುಟ್ಟುವ ಮೊದಲೇ ಅದರ ಗಿರಾಕಿ ಬಾಗಿಲಲ್ಲಿ ನಿಂತಿದ್ದ. ದೇಶವನ್ನೇ ಸಂಸ್ಕೃತಿಯ ಅಳತೆಗೋಲಾಗಿ ಹಿಡಿಯುವ ಅಭ್ಯಾಸ ಬಂದದ್ದು ಹೀಗೆ. ರಾಯಭಾರಿ ಹೋಗುವುದು ದೇಶಕ್ಕೆ ತಾನೇ, ಹಳ್ಳಿಗಲ್ಲವಲ್ಲ!

ಆ ಅಭ್ಯಾಸಕ್ಕೆ ಸಂಖ್ಯೆಗಳ ಬಲ ಕೊಟ್ಟವರು ನೆದರ್‌ಲ್ಯಾಂಡ್ಸಿನ ಗೀರ್ಟ್ ಹಾಫ್‌ಸ್ಟೆಡ್. ಐಬಿಎಂ ಕಂಪನಿ 1967ರಿಂದ 1973ರ ನಡುವೆ ಹತ್ತಾರು ದೇಶಗಳ ತನ್ನ ನೌಕರರಿಂದ ತುಂಬಿಸಿಕೊಂಡ ಸುಮಾರು 1,16,000 ಪ್ರಶ್ನಾವಳಿಗಳನ್ನು ಅವರು ವಿಶ್ಲೇಷಿಸಿದರು. 1980ರ ‘ಕಲ್ಚರ್ಸ್ ಕಾನ್ಸಿಕ್ವೆನ್ಸಸ್’ ಪುಸ್ತಕದಲ್ಲಿ 40 ದೇಶಗಳಿಗೆ ನಾಲ್ಕು ಅಳತೆಗಳಲ್ಲಿ ಅಂಕ ಕೊಟ್ಟರು: ಅಧಿಕಾರದ ಅಂತರ, ವ್ಯಕ್ತಿವಾದ, ಪುರುಷಪ್ರಧಾನತೆ, ಅನಿಶ್ಚಿತತೆಯಿಂದ ದೂರವಿರುವ ಪ್ರವೃತ್ತಿ. ಭಾರತಕ್ಕೆ ಸಿಕ್ಕಿದ್ದು ಕ್ರಮವಾಗಿ 77, 48, 56, 40. ಇದರ ಹಿಂದಿನ ಯೋಚನೆ ಜಾಣತನದ್ದು ಎಂದು ಒಪ್ಪಲೇಬೇಕು. ಕಂಪನಿ ಒಂದೇ, ಕೆಲಸ ಒಂದೇ ರೀತಿಯದು, ಓದು ಹೆಚ್ಚುಕಡಿಮೆ ಒಂದೇ. ಹಾಗಿದ್ದೂ ಉತ್ತರ ಬೇರೆಯಾದರೆ ಆ ವ್ಯತ್ಯಾಸ ದೇಶದ್ದೇ ಇರಬೇಕು ಎಂಬುದು ತರ್ಕ. ಆದರೆ ಭಾರತದ 77 ಯಾರದು ಎಂದು ಒಮ್ಮೆ ಕೇಳಿಕೊಳ್ಳಿ. 1970ರ ಆಸುಪಾಸಿನಲ್ಲಿ ಇಲ್ಲಿನ ಕೆಲವು ದೊಡ್ಡ ನಗರಗಳಲ್ಲಿ ಕಂಪ್ಯೂಟರ್ ಕಂಪನಿಯ ನೌಕರಿ ಹಿಡಿದಿದ್ದವರದು. ಸರ್ಕಾರದ ವಿದೇಶಿ ಬಂಡವಾಳ ನಿಯಮಗಳಿಗೆ ಒಪ್ಪದೆ 1978ರಲ್ಲಿ ಆ ಕಂಪನಿಯೇ ಭಾರತ ಬಿಟ್ಟು ಹೋಯಿತು. ಅಂಕ ಮಾತ್ರ ಇಲ್ಲೇ ಉಳಿಯಿತು, ಈಗಲೂ ಸ್ಲೈಡುಗಳಲ್ಲಿ ಬರುತ್ತಿದೆ. 2002ರಲ್ಲಿ ಬ್ರೆಂಡನ್ ಮ್ಯಾಕ್‌ಸ್ವೀನಿ ಈ ಲೆಕ್ಕವನ್ನು ಬಿಚ್ಚಿ ನೋಡಿದಾಗ ಒಟ್ಟು ಸಂಖ್ಯೆಯ ಗಾತ್ರ ಎಷ್ಟು ಮೋಸದ್ದು ಎಂದು ಕಂಡಿತು. ಪಾಕಿಸ್ತಾನದಲ್ಲಿ ಮೊದಲ ಸುತ್ತಿನಲ್ಲಿ ಉತ್ತರಿಸಿದವರು 37 ಮಂದಿ, ಎರಡನೆಯದರಲ್ಲಿ 70. ಅಷ್ಟು ಜನರಿಂದ ಒಂದು ದೇಶದ ‘ಸಂಸ್ಕೃತಿ’ ಸಿದ್ಧವಾಯಿತು.

ಹಾಫ್‌ಸ್ಟೆಡ್ ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದೇಶದ ಸರಾಸರಿಯನ್ನು ಒಬ್ಬ ವ್ಯಕ್ತಿಯ ಮೇಲೆ ಹೇರಬಾರದು ಎಂದು ಸ್ವತಃ ಅವರೇ ಎಚ್ಚರಿಸಿದ್ದಾರೆ. ನಮ್ಮ ಪರೀಕ್ಷೆಗಳು ಕೇಳುವುದು ಮಾತ್ರ ಸರಿಯಾಗಿ ಅವರು ಬೇಡವೆಂದದ್ದನ್ನೇ: ಒಂದು ಪ್ರಸಂಗ ಕೊಟ್ಟು, ಜರ್ಮನ್ ಮ್ಯಾನೇಜರ್ ಹೀಗಂದ, ಭಾರತೀಯ ಎಂಜಿನಿಯರ್ ಹಾಗಂದ, ಹಾಫ್‌ಸ್ಟೆಡ್ ಅಳತೆಗಳ ಆಧಾರದ ಮೇಲೆ ವಿವರಿಸಿ ಎನ್ನುವುದು. ವಿದ್ಯಾರ್ಥಿ ಬರೆಯುವ ಉತ್ತರ ಹೀಗಿರುತ್ತದೆ: ಭಾರತದಲ್ಲಿ ಅಧಿಕಾರದ ಅಂತರ ಹೆಚ್ಚು, ಆದ್ದರಿಂದ ಎಂಜಿನಿಯರ್ ಎದುರಾಡಲಿಲ್ಲ. ಎದುರಾಡಲಿಲ್ಲ ಎಂಬುದಕ್ಕೆ ಕಾರಣ ಅಂತರ. ಅಂತರವಿದೆ ಎಂಬುದಕ್ಕೆ ಸಾಕ್ಷಿ ಎದುರಾಡದೆ ಇದ್ದದ್ದು. ಇದರಲ್ಲಿ ಕಲಿತದ್ದೇನು? ಪದವಿ ತರಗತಿಯಲ್ಲಿ ಇಷ್ಟು ಸಾಕು ಎನ್ನಬಹುದೇನೋ. ಸ್ನಾತಕೋತ್ತರ ಮಟ್ಟದಲ್ಲಿ ವಿದ್ಯಾರ್ಥಿಯಿಂದ ನಿರೀಕ್ಷಿಸುವುದು ಬೇರೆ: ಪುರಾವೆ ಎಲ್ಲಿಂದ ಬಂತು, ಅದು ಎಷ್ಟು ಭಾರ ತಡೆಯುತ್ತದೆ, ಅದೇ ಪುರಾವೆಗೆ ಇನ್ನೊಂದು ವಿವರಣೆ ಸಾಧ್ಯವೇ ಎಂದು ತಾನೇ ಅಳೆದು ನೋಡುವ ಶಕ್ತಿ.

ಇದಕ್ಕೆ ಎದುರಾಗಿ ಇನ್ನೊಂದು ಪರಂಪರೆ ಇದೆ. ಅದರ ಬೇರು ಇರುವುದು ನಮ್ಮ ಗಡಿಯ ಮಗ್ಗುಲಲ್ಲೇ. ನಮ್ಮ ಪಠ್ಯಕ್ರಮಗಳು ಅದನ್ನು ಕಡೆಗಣಿಸಿರುವುದೇ ನನಗೆ ಹೆಚ್ಚು ಬೇಸರದ ಸಂಗತಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ, ಆಗಿನ ಮೈಸೂರು ರಾಜ್ಯದ ಗಡಿಗೆ ತೀರ ಹತ್ತಿರದ ಹಳ್ಳಿಯೊಂದರ ಬಗ್ಗೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಹಳ್ಳಿಯ ಹೆಸರು ಕುಪ್ವಾರ್. ಜನಸಂಖ್ಯೆ ಮೂರು ಸಾವಿರದ ಆಜುಬಾಜು. ಕನ್ನಡ ಮನೆಮಾತಿನ ಜೈನರು ಹೆಚ್ಚಾಗಿ ಜಮೀನುದಾರರು, ಕನ್ನಡದವರೇ ಆದ ಲಿಂಗಾಯತರು ಕಸುಬುದಾರರು, ಉರ್ದು ಆಡುವ ಮುಸ್ಲಿಮರಿದ್ದರು, ಮರಾಠಿ ಮನೆಮಾತಿನವರು ದಲಿತರು ಮತ್ತು ಭೂಮಿಯಿಲ್ಲದ ಕೂಲಿಗಳು. ಹಗ್ಗ ಹೊಸೆಯುವ ಕೆಲವು ಮನೆಗಳಲ್ಲಿ ತೆಲುಗು. ಗಂಡಸರಲ್ಲಿ ಬಹುತೇಕ ಎಲ್ಲರಿಗೂ ಒಂದಕ್ಕಿಂತ ಹೆಚ್ಚು ಭಾಷೆ ಬರುತ್ತಿತ್ತು. ಕನ್ನಡ ಮತ್ತು ಮರಾಠಿ ಶತಮಾನಗಳಿಂದ ಅಕ್ಕಪಕ್ಕ ಬದುಕಿದ್ದವು, ಉರ್ದು ಆಮೇಲೆ ಬಂದು ಸೇರಿತ್ತು. ಇಷ್ಟು ಕಾಲದಲ್ಲಿ ಆದದ್ದೇನೆಂದರೆ ಮೂರೂ ಭಾಷೆಗಳ ವಾಕ್ಯದ ಕಟ್ಟು ಒಂದೇ ಆಗುವಷ್ಟು ಹತ್ತಿರ ಬಂದಿತ್ತು. ಒಂದರ ಪದ ತೆಗೆದು ಅದೇ ಜಾಗದಲ್ಲಿ ಇನ್ನೊಂದರ ಪದ ಕೂರಿಸಿದರೆ ವಾಕ್ಯ ಸರಿಯಾಗಿಬಿಡುತ್ತಿತ್ತು. ಜೀವವಿಲ್ಲದ ವಸ್ತುಗಳಿಗೂ ಗಂಡು ಹೆಣ್ಣು ಎಂದು ಲಿಂಗ ಹಚ್ಚುವ ಉರ್ದು, ಮರಾಠಿಗಳ ರೂಢಿ ಅಲ್ಲಿ ಕನ್ನಡದ ದಾರಿಗೆ ತಿರುಗಿತ್ತು. ಕನ್ನಡವೂ ತನ್ನ ಪಾಲು ಬಿಟ್ಟುಕೊಟ್ಟು, ಕ್ರಿಯಾಪದವಿಲ್ಲದೆ ವಾಕ್ಯ ಮುಗಿಸುವ ಚಾಳಿಯನ್ನು ಸಡಿಲಿಸಿತ್ತು. ಆದರೆ ಪದಗಳು ಮಾತ್ರ ಬೇರೆಬೇರೆಯಾಗಿಯೇ ಉಳಿದವು. ಮನೆಯೊಳಗೆ ಅವರವರ ಮಾತು ಅವರವರದೇ. ಬೇರೆ ಬೇರೆ ಗುಂಪಿನವರು ಎದುರಾದಾಗ ಹೆಚ್ಚಾಗಿ ಮರಾಠಿ ಬಳಕೆಯಾಗುತ್ತಿತ್ತು. ಊರಿನ ಬಲಾಢ್ಯ ಗುಂಪುಗಳಲ್ಲಿ ಯಾರ ಮನೆಮಾತೂ ಅದಲ್ಲ, ಆದ್ದರಿಂದಲೇ ಅದನ್ನು ಆಡಿದರೆ ಯಾರೂ ಯಾರಿಗೂ ಸೋತಂತಾಗುತ್ತಿರಲಿಲ್ಲ.

ಇದೇ ಗಂಪರ್ಜ್ 1970ರ ದಶಕದಲ್ಲಿ ಬ್ರಿಟನ್ನಿಗೆ ಹೋದಾಗ ಕಂಡದ್ದು ಇದಕ್ಕೆ ತದ್ವಿರುದ್ಧ ಚಿತ್ರ. ಅಲ್ಲಿನ ಒಂದು ದೊಡ್ಡ ವಿಮಾನ ನಿಲ್ದಾಣದ ಸಿಬ್ಬಂದಿ ಕ್ಯಾಂಟೀನಿಗೆ ಭಾರತ, ಪಾಕಿಸ್ತಾನ ಮೂಲದ ಹೆಂಗಸರನ್ನು ಹೊಸದಾಗಿ ಸೇರಿಸಿಕೊಂಡಿದ್ದರು. ಊಟಕ್ಕೆ ಬರುವ ಕಾರ್ಮಿಕರಿಗೂ ಮೇಲ್ವಿಚಾರಕರಿಗೂ ಈ ಹೆಂಗಸರು ಸಿಡುಕಿನವರು, ಸಹಕಾರವಿಲ್ಲದವರು ಎನಿಸತೊಡಗಿತು. ಹೆಂಗಸರಿಗೆ ತಮ್ಮನ್ನು ಬೇರೆಯಾಗಿ ಕಾಣುತ್ತಿದ್ದಾರೆ ಎನಿಸಿತು. ಆಡಿದ ಮಾತು ಬಹಳ ಕಡಿಮೆ. ಮಾಂಸದ ಊಟ ಬಡಿಸುವಾಗ ಗ್ರೇವಿ ಬೇಕೇ ಎಂದು ಕೇಳಬೇಕಿತ್ತು. ಇಂಗ್ಲಿಷ್ ಹೆಂಗಸು ಆ ಒಂದೇ ಪದವನ್ನು ದನಿ ಏರಿಸಿ ಆಡುತ್ತಿದ್ದಳು, ಇವರು ದನಿ ಇಳಿಸಿ ಆಡುತ್ತಿದ್ದರು. ಕೇಳುವವರ ಕಿವಿಗೆ ಅದು ಪ್ರಶ್ನೆಯಾಗಿ ಬೀಳದೆ, ಬೇಕಾದರೆ ತಗೋ ಬೇಡವಾದರೆ ಬಿಡು ಎಂಬಂತೆ ಬೀಳುತ್ತಿತ್ತು. ಧ್ವನಿಮುದ್ರಣ ಕೇಳಿಸಿದಾಗ ಹೆಂಗಸರು ಮೊದಲು, ಎರಡೂ ಒಂದೇ ಅಲ್ಲವೇ ಎಂದರು. ಮತ್ತೆ ಮತ್ತೆ ಕೇಳಿದ ಮೇಲೆ ವ್ಯತ್ಯಾಸ ಗೊತ್ತಾಯಿತು. ತಮ್ಮ ಬಗ್ಗೆ ಎದ್ದ ಅಸಮಾಧಾನ ಎಲ್ಲಿಂದ ಬಂದಿರಬಹುದು ಎಂಬುದೂ ಹೊಳೆಯಿತು. ಇದೇ ಬಗೆಯ ಕೆಲಸ 1979ರಲ್ಲಿ ಬಿಬಿಸಿಯ ‘ಕ್ರಾಸ್‌ಟಾಕ್’ ಕಾರ್ಯಕ್ರಮವಾಗಿ ಹೊರಬಂತು, 1982ರ ‘ಡಿಸ್ಕೋರ್ಸ್ ಸ್ಟ್ರಾಟೆಜೀಸ್’ ಪುಸ್ತಕದಲ್ಲಿ ಸಿದ್ಧಾಂತದ ರೂಪ ಪಡೆಯಿತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕುಪ್ವಾರ್‌ನಲ್ಲಿ ಎರಡು ಭಾಷಾ ಕುಟುಂಬಗಳು, ಮೂರು ಧರ್ಮಗಳು, ಜಾತಿಯ ಏಣಿ, ಜಮೀನುದಾರ ಮತ್ತು ಕೂಲಿ. ಪಠ್ಯಪುಸ್ತಕದ ಲೆಕ್ಕದಲ್ಲಿ ಮಾತು ಮುರಿದುಬೀಳಲು ಬೇಕಾದದ್ದೆಲ್ಲ ಅಲ್ಲಿತ್ತು, ಆದರೂ ದಿನದ ವ್ಯವಹಾರ ಸರಾಗವಾಗಿ ನಡೆಯುತ್ತಿತ್ತು. ಕ್ಯಾಂಟೀನಿನಲ್ಲಿ ಎಲ್ಲರೂ ಆಡುತ್ತಿದ್ದದ್ದು ಇಂಗ್ಲಿಷ್, ನಡೆಯಬೇಕಾದ ವ್ಯವಹಾರ ಒಂದು ಪದದ್ದು, ಅಲ್ಲಿ ಕೆಟ್ಟಿತು. ವ್ಯತ್ಯಾಸ ಹೆಚ್ಚಿದ್ದಲ್ಲಿ ತೊಡಕು ಹೆಚ್ಚು ಎಂಬ ಸೂತ್ರ ಇಲ್ಲಿ ಕೈಕೊಡುತ್ತದೆ. ಅಂಕಪಟ್ಟಿಗಂತೂ ಕುಪ್ವಾರ್ ಕಾಣುವುದೇ ಇಲ್ಲ. ಜೈನ ಜಮೀನುದಾರನಿಗೂ ಮರಾಠಿ ಕೂಲಿಗೂ ಅದು ಕೊಡುವುದು ಅದೇ 77. ಕಾಣಬೇಕಾದರೆ ನೋಡಬೇಕಾದದ್ದು ಬೇರೆ ಸಂಗತಿಗಳನ್ನು: ಈ ಇಬ್ಬರು ಎಷ್ಟು ಕಾಲದಿಂದ ಪರಸ್ಪರ ಮಾತಾಡಿ ರೂಢಿಯಾಗಿದ್ದಾರೆ, ಯಾರ ರೂಢಿಯನ್ನು ಸರಿಯೆಂದು ಹಿಡಿದಿದ್ದಾರೆ, ಮಾತು ತಪ್ಪಿದರೆ ಕೆಲಸ ಕಳೆದುಕೊಳ್ಳುವವರು ಯಾರು. ಇವಕ್ಕೆ ಉತ್ತರ ಸಿಗುವುದು ನಡೆದ ಮಾತನ್ನು ಬಿಡಿಸಿ ನೋಡಿದಾಗ ಮಾತ್ರ. ಕುಪ್ವಾರ್ ಸೌಹಾರ್ದದ ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ ಎಂಬುದು ಇಲ್ಲಿ ಸ್ಪಷ್ಟವಿರಲಿ. ಅಲ್ಲಿ ಪದಗಳು ಬೇರೆಯಾಗಿ ಉಳಿದದ್ದೇ ಯಾರು ಯಾವ ಗುಂಪಿನವರು ಎಂಬ ಗಡಿಯನ್ನು ಕಾಯಲು. ಸಂವಹನ ಚೆನ್ನಾಗಿದ್ದರೆ ಸಮಾನತೆ ಬಂದೇಬರುತ್ತದೆ ಎಂಬ ಹುಸಿ ಭರವಸೆಯನ್ನೂ ಈ ಹಳ್ಳಿ ಒಡೆಯುತ್ತದೆ. ಒಂದು ಸೆಮಿಸ್ಟರಿನ ಚರ್ಚೆಗೆ ಇಷ್ಟು ಸಾಕು.

ಮೊದಲ ಆಕ್ಷೇಪ ಉದ್ಯೋಗದ್ದು. ನಮ್ಮ ವಿದ್ಯಾರ್ಥಿಗಳು ಹೋಗುವುದು ಐಟಿ ಕಂಪನಿಗಳಿಗೆ, ಬಹುರಾಷ್ಟ್ರೀಯ ಸಂಸ್ಥೆಗಳ ಮಾನವ ಸಂಪನ್ಮೂಲ ವಿಭಾಗಗಳಿಗೆ. ಅಲ್ಲಿ ಸಂದರ್ಶನದಲ್ಲಿ ಹಾಫ್‌ಸ್ಟೆಡ್ ಕೇಳುತ್ತಾರೆ, ಹಳ್ಳಿಯ ವ್ಯಾಕರಣ ಕೇಳುವುದಿಲ್ಲ ಎಂದು ನಿಮ್ಮಲ್ಲಿ ಹಲವರು ಹೇಳುವಿರಿ. ಹೇಳುವುದರಲ್ಲಿ ನ್ಯಾಯವಿದೆ. ಆದರೆ ಆ ಕಂಪನಿಗಳ ಒಳಗೆ ಏನು ನಡೆಯುತ್ತದೆ ಎಂಬುದಕ್ಕೂ ಬೆಂಗಳೂರಿನಲ್ಲೇ ನಡೆದ ಅಧ್ಯಯನಗಳಿವೆ. ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೆರೋಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ಐಟಿ ನೌಕರರ ಬಗ್ಗೆ ನಡೆಸಿದ ಸಮಾಜಶಾಸ್ತ್ರೀಯ ಅಧ್ಯಯನದ ವರದಿ 2006ರಲ್ಲಿ ಬಂತು. ಉಪಾಧ್ಯ ಅವರ ಮುಂದಿನ ಬರಹಗಳು ಅಂತರಸಾಂಸ್ಕೃತಿಕ ತರಬೇತಿಯನ್ನೇ ಕೈಗೆತ್ತಿಕೊಂಡವು. ಆ ತರಬೇತಿ ಸಂಸ್ಕೃತಿಯ ಪರಿಚಯಕ್ಕಷ್ಟೇ ನಿಲ್ಲದೆ, ಸಂಸ್ಕೃತಿಯ ಹೆಸರಿನಲ್ಲಿ ನೌಕರರನ್ನು ನಿಭಾಯಿಸುವ ಸಾಧನವೂ ಆಗುತ್ತದೆ ಎಂಬುದು ಅವರು ತೋರಿಸಿದ ಸಂಗತಿ. ಭಾರತೀಯರು ಮೇಲಿನವರಿಗೆ ತಲೆಬಾಗುವವರು, ಆಗುವುದಿಲ್ಲ ಎಂದು ನೇರ ಹೇಳಲಾರದವರು ಎಂಬ ಚಿತ್ರವನ್ನು ಭಾರತೀಯ ಎಂಜಿನಿಯರುಗಳೇ ತರಬೇತಿಯಲ್ಲಿ ಕಲಿಯುತ್ತಾರೆ. ಈಗ ಯೋಚಿಸಿ: ಗ್ರಾಹಕ ಕಂಪನಿಯ ಮ್ಯಾನೇಜರ್ ಅಸಾಧ್ಯವಾದ ಗಡುವು ಕೊಟ್ಟಾಗ ಇಲ್ಲಿನ ತಂಡದ ಮುಖ್ಯಸ್ಥೆ ‘ನೋಡೋಣ’ ಎಂದರೆ, ಅದು ಐದು ಸಾವಿರ ವರ್ಷದ ಸಂಸ್ಕೃತಿಯೋ, ಮುಂದಿನ ವರ್ಷ ಗುತ್ತಿಗೆ ನವೀಕರಣವಾಗಬೇಕಾದ ಕಂಪನಿಯ ನೌಕರಳ ಲೆಕ್ಕಾಚಾರವೋ? ಗುತ್ತಿಗೆಯ ಆ ತುದಿಯಲ್ಲಿ ಪೋಲೆಂಡಿನವರೋ ಫಿಲಿಪೀನ್ಸಿನವರೋ ಇದ್ದರೂ ಅದನ್ನೇ ಹೇಳುತ್ತಿರಲಿಲ್ಲವೇ? ಆ ಸಭೆಯ ಮುದ್ರಿತ ಮಾತನ್ನು ಮುಂದಿಟ್ಟುಕೊಂಡು ಈ ಪ್ರಶ್ನೆ ಕೇಳಬಲ್ಲ ಅಭ್ಯರ್ಥಿ ಕಂಪನಿಗೂ ಹೆಚ್ಚು ಉಪಯೋಗಕ್ಕೆ ಬರುತ್ತಾಳೆ. ಅಂಕ ಬಾಯಿಪಾಠ ಮಾಡಿದವರಿಗೆ ಅಲ್ಲೇನೂ ಕೊರತೆಯಿಲ್ಲ.

ಸರಾಸರಿಯಾದರೂ ಮೊದಲ ಊಹೆಗೆ ನೆರವಾಗುತ್ತದಲ್ಲ ಎಂಬುದು ಇನ್ನೊಂದು ವಾದ. ಏನೂ ಗೊತ್ತಿಲ್ಲದ ಕಡೆ ಹೋಗುವವನಿಗೆ ಸ್ವಲ್ಪ ಗೊತ್ತಿರುವುದು ಮೇಲು ಎಂಬುದನ್ನು ತಾತ್ವಿಕವಾಗಿ ಒಪ್ಪಬಹುದು, ಆ ಮೊದಲ ಊಹೆಯನ್ನು ತಿದ್ದಿಕೊಳ್ಳುವ ದಾರಿಯನ್ನೂ ಜೊತೆಗೇ ಕಲಿಸಿದರೆ ಮಾತ್ರ. ಮೈಸೂರಿನವರೇ ಆದ ಎ.ಕೆ. ರಾಮಾನುಜನ್ 1989ರಲ್ಲಿ ಭಾರತೀಯ ಚಿಂತನಾ ಕ್ರಮ ಎಂಬುದೊಂದು ಇದೆಯೇ ಎಂದು ಕೇಳಿ ಬರೆದ ಪ್ರಬಂಧ ಇದಕ್ಕೆ ಒಳ್ಳೆಯ ಮಾದರಿ. ಹಾಲ್ 1976ರಲ್ಲಿ ಸಂದರ್ಭಕ್ಕೆ ಹೆಚ್ಚು ಒತ್ತು ಕೊಡುವ ಸಂಸ್ಕೃತಿಗಳು, ಕಡಿಮೆ ಕೊಡುವವು ಎಂದು ಲೋಕವನ್ನು ವಿಂಗಡಿಸಿದ್ದ. ರಾಮಾನುಜನ್ ಕೂಡ ಸಂದರ್ಭಕ್ಕೆ ಕಟ್ಟುಬಿದ್ದ ನಿಯಮ, ಸಂದರ್ಭ ಮೀರಿದ ನಿಯಮ ಎಂದು ಗುರುತಿಸುತ್ತಾರೆ, ಭಾರತದ ಒಲವು ಮೊದಲನೆಯದರತ್ತ ಎನ್ನುತ್ತಾರೆ. ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಪ್ರತಿ ಸಂಸ್ಕೃತಿಯೊಳಗೂ ಎರಡೂ ಎಳೆಗಳಿರುತ್ತವೆ, ಒಂದು ಮೇಲುಗೈಯಾದಾಗ ಇನ್ನೊಂದಕ್ಕಾಗಿ ಹಂಬಲ ಹುಟ್ಟುತ್ತದೆ, ಇಲ್ಲಿ ಭಕ್ತಿ ಪರಂಪರೆ ಮಾಡಿದ್ದು ಸಂದರ್ಭದ ಕಟ್ಟುಗಳನ್ನು ಕಳಚುವ ಕೆಲಸವನ್ನೇ ಎಂದು ತಮ್ಮ ವಿಂಗಡಣೆಯನ್ನು ತಾವೇ ಅಲುಗಾಡಿಸುತ್ತಾರೆ. ಹಾಲ್‌ನನ್ನು ಕಡ್ಡಾಯವಾಗಿ ಓದಿಸುವ ನಾವು ರಾಮಾನುಜನ್‌ರನ್ನು ಸಾಹಿತ್ಯ ವಿಭಾಗದವರಿಗೆ ಬಿಟ್ಟುಕೊಟ್ಟಿದ್ದೇವೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಅಂಕಪಟ್ಟಿಯ ಪಕ್ಷದಿಂದ ಬರುವಂಥದ್ದಲ್ಲ, ಅದರ ಎದುರು ದಿಕ್ಕಿನಿಂದ ಬರುವುದು. ದನಿ ಏರಿತೋ ಇಳಿಯಿತೋ ಎಂದು ಕೂದಲು ಸೀಳುತ್ತ ಕೂತರೆ ಅಧಿಕಾರ, ಜನಾಂಗದ್ವೇಷ, ಜಾತಿ ಇವೆಲ್ಲ ಕಣ್ಮರೆಯಾಗುವುದಿಲ್ಲವೇ ಎಂಬುದು ಆ ಆಕ್ಷೇಪ. 1988ರಲ್ಲಿ ರಾಜೇಂದ್ರ ಸಿಂಗ್, ಜಯಂತ ಲೆಲೆ ಮತ್ತು ಗೀತಾ ಮಾರ್ತೊಹಾರ್ಜೊನೊ ಗಂಪರ್ಜ್ ಪರಂಪರೆಯನ್ನು ಟೀಕಿಸಿದ್ದು ಇದೇ ನೆಲೆಯಿಂದ. ಬ್ರಿಟನ್ನಿನಲ್ಲಿ ವಲಸಿಗರನ್ನು ಕೀಳಾಗಿ ಕಾಣುವ ವ್ಯವಸ್ಥೆ ಇರುವಾಗ ತೊಡಕನ್ನೆಲ್ಲ ಮಾತಿನ ರೂಢಿಯ ತಲೆಗೆ ಕಟ್ಟಿದರೆ, ತಿದ್ದಿಕೊಳ್ಳುವ ಹೊಣೆ ವಲಸಿಗರ ಮೇಲೇ ಬೀಳುತ್ತದೆ. ಈ ಟೀಕೆ ಎಷ್ಟು ನಿಜ ಎಂಬುದಕ್ಕೆ ಆಸ್ಟ್ರೇಲಿಯಾದ ಒಂದು ಪ್ರಕರಣಕ್ಕಿಂತ ಕಹಿಯಾದ ಸಾಕ್ಷಿ ಬೇಕಿಲ್ಲ. ಅಲ್ಲಿನ ಮೂಲನಿವಾಸಿಗಳು ಆಡುವ ಇಂಗ್ಲಿಷಿನ ಬಗ್ಗೆ ಡಯಾನಾ ಈಡ್ಸ್ ವರ್ಷಗಟ್ಟಲೆ ಕೆಲಸ ಮಾಡಿದ ಭಾಷಾವಿಜ್ಞಾನಿ. ಮೂಲನಿವಾಸಿ ಸಾಕ್ಷಿಗಳು ಉತ್ತರಿಸುವ ಮುನ್ನ ದೀರ್ಘವಾಗಿ ಮೌನವಾಗಿರುವುದು ಸಹಜ, ಅದು ತಪ್ಪೊಪ್ಪಿಗೆಯಲ್ಲ. ಅಧಿಕಾರದಲ್ಲಿರುವವರು ಪದೇಪದೇ ಕೇಳಿದಾಗ ನಿಜಕ್ಕೂ ಒಪ್ಪದಿದ್ದರೂ ಹೌದು ಎಂದುಬಿಡುತ್ತಾರೆ ಎಂಬಂಥ ಸಂಗತಿಗಳನ್ನು ಸೇರಿಸಿ 1992ರಲ್ಲಿ ಅವರು ಕ್ವೀನ್ಸ್‌ಲ್ಯಾಂಡಿನ ವಕೀಲರಿಗಾಗಿ ಒಂದು ಕೈಪಿಡಿ ಬರೆದರು. ನ್ಯಾಯಾಲಯದಲ್ಲಿ ಈ ಸಾಕ್ಷಿಗಳಿಗೆ ಅನ್ಯಾಯವಾಗದಿರಲಿ ಎಂಬುದು ಉದ್ದೇಶ. 1994ರ ಮೇ ತಿಂಗಳಲ್ಲಿ ಬ್ರಿಸ್ಬೇನ್ ನಗರದಲ್ಲಿ ಆರು ಪೊಲೀಸರು 12, 13, 14 ವರ್ಷದ ಮೂವರು ಮೂಲನಿವಾಸಿ ಹುಡುಗರನ್ನು ರಾತ್ರಿ ಕಾರುಗಳಲ್ಲಿ ಕೂರಿಸಿಕೊಂಡು ಹೋಗಿ, ಯಾವ ಆರೋಪವೂ ಇಲ್ಲದೆ, ಊರಾಚೆಯ ಪಿಂಕೆನ್ಬಾ ಎಂಬ ನಿರ್ಜನ ಜಾಗದಲ್ಲಿ ಬಿಟ್ಟುಬಂದರು. ಪೊಲೀಸರ ಮೇಲೆ ಮೊಕದ್ದಮೆ ಹೂಡಲಾಯಿತು. 1995ರ ವಿಚಾರಣೆಯಲ್ಲಿ ಪಾಟೀಸವಾಲಿಗೆ ನಿಂತ ಪೊಲೀಸರ ಪರ ವಕೀಲರು ಆ ಹುಡುಗರ ಮೇಲೆ ಒಂದರ ಮೇಲೊಂದು ಪ್ರಶ್ನೆ ಎಸೆದು, ಅವರ ಮೌನ ಮತ್ತು ‘ಹೌದು’ಗಳನ್ನೇ ಹಿಡಿದುಕೊಂಡು, ಹುಡುಗರು ತಾವಾಗಿಯೇ ಕಾರು ಹತ್ತಿದರು ಎಂದು ಸಾಧಿಸಿದರು. ಮೊಕದ್ದಮೆ ಅಲ್ಲಿಗೇ ಬಿದ್ದುಹೋಯಿತು. ಆಮೇಲೆ ಈಡ್ಸ್ ಬರೆದ ಪ್ರಕಾರ, ಆ ವಕೀಲರ ಮೇಜಿನ ಮೇಲೆ ಈಡ್ಸ್ ಅವರದೇ ಕೈಪಿಡಿ ಇತ್ತು.

ಸಂಸ್ಕೃತಿಯ ತಿಳಿವಳಿಕೆ ತಾನಾಗಿಯೇ ಒಳ್ಳೆಯದನ್ನು ಮಾಡುವುದಿಲ್ಲ ಎಂದು ಇಷ್ಟು ಖಚಿತವಾಗಿ ತೋರಿಸುವ ಪ್ರಕರಣ ನನಗೆ ಗೊತ್ತಿಲ್ಲ. ಆದರೆ ಇದು ನನ್ನ ವಾದವನ್ನು ಕೆಡಿಸುತ್ತದೆಯೇ? ಪಿಂಕೆನ್ಬಾ ನಡಾವಳಿಯಲ್ಲಿ ಏನಾಯಿತು ಎಂದು ನಮಗೆ ತಿಳಿದದ್ದು ಹೇಗೆ? ಈಡ್ಸ್ ಆ ಪಾಟೀಸವಾಲಿನ ಒಂದೊಂದು ಪ್ರಶ್ನೆಯನ್ನೂ, ಅದಕ್ಕೆ ಬಂದ ಒಂದೊಂದು ಮೌನವನ್ನೂ ಬರಹದಲ್ಲಿ ಇಟ್ಟು, ಒಪ್ಪಿಗೆಯನ್ನು ಹೇಗೆ ಕಟ್ಟಿದರು ಎಂದು ತೋರಿಸಿದ್ದರಿಂದ. ಅಧಿಕಾರ ಎಂಬುದು ಮಾತಿನ ಹೊರಗೆಲ್ಲೋ ಮೋಡದಂತೆ ತೂಗಾಡುವುದಿಲ್ಲ. ಯಾರು ಪ್ರಶ್ನೆ ಕೇಳಬಹುದು, ಯಾರು ಕೇಳಬಾರದು, ಯಾರ ಮೌನವನ್ನು ಯಾರು ಬರೆದುಕೊಳ್ಳುತ್ತಾರೆ ಎಂಬುದರಲ್ಲೇ ಅದು ಕೆಲಸ ಮಾಡುತ್ತದೆ. ಸಿಂಗ್ ಮತ್ತು ಜೊತೆಗಾರರ ಟೀಕೆಯನ್ನು ಪಠ್ಯಕ್ರಮದಲ್ಲಿ ಇಡಿ, ಗಂಪರ್ಜ್‌ನ ಪಕ್ಕದಲ್ಲೇ ಇಡಿ. ಅಂಕಪಟ್ಟಿಯಾದರೋ ಅಧಿಕಾರವನ್ನು ‘ಅಧಿಕಾರದ ಅಂತರ’ ಎಂಬ ಒಂದು ರಾಷ್ಟ್ರೀಯ ಗುಣವಾಗಿ ಮಾಡಿಟ್ಟಿದೆ. ಅಲ್ಲಿ ಪೊಲೀಸನಿಗೂ ಹುಡುಗನಿಗೂ ಪಾಲು ಸಮ.

ಇನ್ನು ಉಳಿದದ್ದು ಅನುಕೂಲದ ಆಕ್ಷೇಪಗಳು. ಆಸ್ಪತ್ರೆಯಲ್ಲಿ, ಬ್ಯಾಂಕ್ ಕೌಂಟರಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಮಾತು ಮುದ್ರಿಸಿಕೊಳ್ಳಲು ಅನುಮತಿ ಯಾರು ಕೊಡುತ್ತಾರೆ ಎಂಬುದು ನಿಜವಾದ ತೊಂದರೆ. ಒಪ್ಪಿಗೆಯಿಲ್ಲದ ಮುದ್ರಣ ಯಾವ ಕಾರಣಕ್ಕೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬರುವ ಮೊದಲೂ ಅದು ತಪ್ಪೇ ಆಗಿತ್ತು. ಆದರೆ ಮೊದಲ ಸೆಮಿಸ್ಟರಿಗೆ ಬೇಕಾದ ಸಾಮಗ್ರಿ ಯಾರ ಅಪ್ಪಣೆಗೂ ಕಾಯದೆ ಗಾಳಿಯಲ್ಲೇ ಇದೆ. ಆಕಾಶವಾಣಿ ಮತ್ತು ದೂರದರ್ಶನದ ಫೋನ್-ಇನ್ ಕಾರ್ಯಕ್ರಮಗಳಲ್ಲಿ ರೈತರು ಕೃಷಿ ವಿಜ್ಞಾನಿಯ ಜೊತೆ, ರೋಗಿಗಳು ವೈದ್ಯರ ಜೊತೆ ಎಲ್ಲರಿಗೂ ಕೇಳುವಂತೆ ಮಾತಾಡುತ್ತಾರೆ. ಬೀದರಿನ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಪುಸ್ತಕದ ಕನ್ನಡದ ವೈದ್ಯರು ಉತ್ತರಿಸುವಾಗ, ನೋವು ಎಲ್ಲಿದೆ ಎಂಬುದು ಎಷ್ಟನೆಯ ಸಲಕ್ಕೆ ಖಚಿತವಾಯಿತು ಎಂದು ಎಣಿಸುವ ಕೆಲಸದಿಂದಲೇ ಒಳ್ಳೆಯ ಕಿರುಪ್ರಬಂಧ ಹುಟ್ಟಬಹುದು. ಇದೇನೂ ಅಂತರಸಾಂಸ್ಕೃತಿಕ ಅಲ್ಲ, ಇಬ್ಬರೂ ಕನ್ನಡಿಗರೇ ಎಂದು ಯಾರಾದರೂ ಹೇಳಿದರೆ, ದೇಶವೇ ಸಂಸ್ಕೃತಿ ಎಂಬ ಹಳೆಯ ಅಳತೆಗೋಲು ಅವರ ಕೈಯಲ್ಲಿ ಇನ್ನೂ ಇದೆ ಎಂದರ್ಥ. 2011ರ ಜನಗಣತಿಯಲ್ಲಿ ಕರ್ನಾಟಕದ ಮೂರರಲ್ಲಿ ಎರಡು ಪಾಲಿನಷ್ಟು ಜನ ಮಾತ್ರ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದ್ದಾರೆ. ಉಳಿದ ಒಂದು ಪಾಲಿನಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ, ಕೊಡವ ಎಲ್ಲ ಇವೆ. ಕೊಡಗಿನ ಕಾಫಿ ತೋಟಗಳಿಗೆ ಈಗ ಅಸ್ಸಾಮಿನಿಂದ ಆಳುಗಳು ಬರುತ್ತಿದ್ದಾರೆ. ಇಷ್ಟಿರುವಾಗ ಟೋಕಿಯೊದ ವಿಸಿಟಿಂಗ್ ಕಾರ್ಡನ್ನು ಎರಡು ಕೈಯಲ್ಲಿ ಹಿಡಿಯಬೇಕೋ ಒಂದರಲ್ಲೋ ಎಂಬುದರ ಮೇಲೆ ನಾವು ಐದು ಅಂಕದ ಪ್ರಶ್ನೆ ಕೇಳುತ್ತಿದ್ದೇವೆ.

ಕಲಿಸುವವರಿಲ್ಲ, ಓದಲು ಪುಸ್ತಕವಿಲ್ಲ ಎಂಬ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕನ್ನಡದಲ್ಲಿ ಈ ವಿಷಯದ ಪಠ್ಯಗಳು ಸಾಲವು, ನಿಜ. ಆದರೆ ಮಾತಿನ ವ್ಯತ್ಯಾಸವನ್ನು ಸಮಾಜದ ಜೊತೆ ಇಟ್ಟು ನೋಡುವ ಕೆಲಸ ಈ ನೆಲಕ್ಕೆ ಹೊಸದಲ್ಲ. 1960ರಲ್ಲೇ ವಿಲಿಯಂ ಮೆಕ್‌ಕಾರ್ಮ್ಯಾಕ್ ಧಾರವಾಡದ ಕನ್ನಡದ ಸಾಮಾಜಿಕ ಪ್ರಭೇದಗಳ ಬಗ್ಗೆ ಬರೆದಿದ್ದ. ವಿಲಿಯಂ ಬ್ರೈಟ್ ಮತ್ತು ರಾಮಾನುಜನ್ ಜಾತಿಗಳ ಆಡುಮಾತಿನಲ್ಲಿ ಬದಲಾವಣೆ ಹೇಗೆ ಸಾಗುತ್ತದೆ ಎಂಬುದನ್ನು 1964ರಲ್ಲಿ ಚರ್ಚಿಸಿದ್ದರು. ಸೌಜನ್ಯದ ಮಾತಿನ ಬಗ್ಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಬ್ರೌನ್ ಮತ್ತು ಲೆವಿನ್ಸನ್ ಸಿದ್ಧಾಂತದ ಮೂರು ಆಧಾರಗಳಲ್ಲಿ ಒಂದು ತಮಿಳುನಾಡಿನ ಹಳ್ಳಿಯ ಮಾತು. 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ ಇರುವುದು ಮೈಸೂರಿನಲ್ಲಿ. ಸಂವಹನ ವಿಭಾಗಕ್ಕೂ ಭಾಷಾವಿಜ್ಞಾನ ವಿಭಾಗಕ್ಕೂ ನಡುವೆ ಒಂದು ಕಾರಿಡಾರಿನಷ್ಟೇ ದೂರವಿರುವ ಕ್ಯಾಂಪಸ್ಸುಗಳಲ್ಲೂ ಈ ಎರಡು ವಿಭಾಗದವರು ಒಂದೇ ಪತ್ರಿಕೆಯನ್ನು ಹಂಚಿಕೊಂಡು ಕಲಿಸುವುದಿಲ್ಲ. ಅದಕ್ಕೆ ಹಣ ಬೇಕಿಲ್ಲ, ವೇಳಾಪಟ್ಟಿ ಬೇಕು.

ಮುಂದಿನ ಸಭೆಯಲ್ಲಿ ಪಠ್ಯಕ್ರಮ ಪರಿಷ್ಕರಣೆ ಕಾರ್ಯಸೂಚಿಗೆ ಬಂದಾಗ ನೀವು ಮಾಡಬಹುದಾದದ್ದು ಇಷ್ಟು. ಮೊದಲ ಘಟಕದಲ್ಲಿ ಕುಪ್ವಾರ್ ಮತ್ತು ಕ್ಯಾಂಟೀನ್ ಇರಲಿ, ಹಾಫ್‌ಸ್ಟೆಡ್ ಎರಡನೆಯದಕ್ಕೆ ಸರಿಯಲಿ, ಮ್ಯಾಕ್‌ಸ್ವೀನಿಯ ಟೀಕೆಯೊಂದಿಗೆ. ಆಂತರಿಕ ಅಂಕಗಳನ್ನು ಸೆಮಿನಾರಿನ ಸ್ಲೈಡುಗಳಿಗೆ ಹಂಚುವ ಬದಲು, ಒಪ್ಪಿಗೆ ಪಡೆದು ಮುದ್ರಿಸಿದ ಅಥವಾ ಪ್ರಸಾರದಿಂದ ತೆಗೆದುಕೊಂಡ ಹತ್ತು ನಿಮಿಷದ ಮಾತನ್ನು ಮೌನ, ತಡವರಿಕೆ, ಅಡ್ಡಬಾಯಿ ಸಮೇತ ಬರಹಕ್ಕಿಳಿಸುವ ಕೆಲಸಕ್ಕೆ ಕೊಡಿ. ವಿಶ್ಲೇಷಣೆಯನ್ನು ಕನ್ನಡದಲ್ಲಿ ಬರೆಯಲು ಎಂಬಿಎ ವಿದ್ಯಾರ್ಥಿಗೂ ಅವಕಾಶವಿರಲಿ. ಪ್ರಶ್ನೆಪತ್ರಿಕೆಯಲ್ಲಿ ಕಲ್ಪಿತ ಜರ್ಮನ್ ಮ್ಯಾನೇಜರನ ಪ್ರಸಂಗವನ್ನು ತೆಗೆದು, ಆ ಜಾಗದಲ್ಲಿ ನಿಜವಾಗಿ ನಡೆದ ಒಂದು ಪುಟ ಸಂಭಾಷಣೆಯನ್ನು ಅಚ್ಚು ಹಾಕಿ, ಇಲ್ಲಿ ಏನು ತಪ್ಪಿತು, ಹಾಗೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಹೆಚ್ಚು ಅಂಕವಿರಲಿ.

ಇತಿ ತಮ್ಮ ವಿಶ್ವಾಸಿ,
ಈ ವಿಷಯದ ಓದುಗನೊಬ್ಬ